ಮಣ್ಣು ಮುಚ್ಚುವ ಮೊದಲು ನೋಡುವವರು ಯಾರು? — ಅನಿಲ ಕೊಳವೆಮಾರ್ಗದ ಕಾಮಗಾರಿ ಮತ್ತು ಅದರ ಮೇಲ್ವಿಚಾರಣೆ

2021ರ ಜನವರಿ 5ರಂದು ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲ ಕೊಳವೆಮಾರ್ಗವು ರಾಷ್ಟ್ರಕ್ಕೆ ಸಮರ್ಪಣೆಗೊಂಡಿತು. ಗೇಲ್ ಸಂಸ್ಥೆಯು ನಿರ್ಮಿಸಿದ, ಸುಮಾರು 450 ಕಿಲೋಮೀಟರ್ ಉದ್ದದ ಈ ಮಾರ್ಗವು ಎರ್ನಾಕುಳಂನಿಂದ ಕಣ್ಣೂರಿನವರೆಗಿನ ಜಿಲ್ಲೆಗಳನ್ನು ಹಾದು, ಕಾಸರಗೋಡಿನ ಗುಡ್ಡೆ ಬೈಲುಗಳ ಅಡಿಯಿಂದ ದಕ್ಷಿಣ ಕನ್ನಡವನ್ನು ಸೇರುತ್ತದೆ. ಇಂದು ಆ ದಾರಿಯಲ್ಲಿ ನಡೆದುಹೋಗುವವರಿಗೆ ಅಲ್ಲಲ್ಲಿ ನೆಟ್ಟ ಗುರುತುಕಂಬಗಳ ಹೊರತು ಮತ್ತೇನೂ ಕಾಣುವುದಿಲ್ಲ. ಸೇತುವೆಯಲ್ಲಿ ಬಿರುಕು ಬಿಟ್ಟರೆ ಊರವರು ನೋಡುತ್ತಾರೆ, ಶಾಲೆಯ ಗೋಡೆ ಸೋರಿದರೆ ಮಕ್ಕಳೇ ಬಂದು ಹೇಳುತ್ತಾರೆ. ಕೊಳವೆಯ ಸ್ಥಿತಿ ಹಾಗಲ್ಲ. ಅದರ ತಪ್ಪೂ ಒಪ್ಪೂ ಒಂದೇ ಮಣ್ಣಿನ ಅಡಿಯಲ್ಲಿ ಹೂತುಹೋಗುತ್ತವೆ. ಆದುದರಿಂದ ಇಂತಹ ಕಾಮಗಾರಿಯಲ್ಲಿ ಮೇಲ್ವಿಚಾರಣೆ ಎಂಬುದರ ಅರ್ಥವೆಲ್ಲ ಮಣ್ಣು ಮುಚ್ಚುವುದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಅಡಗಿದೆ.

ಮುಖ್ಯಮಾರ್ಗದ ಕೆಲಸ ಮುಗಿದಿರುವಾಗ ಈ ಮಾತೇಕೆ ಎಂದು ಓದುಗರು ಕೇಳಬಹುದು. ಮುಖ್ಯಮಾರ್ಗದಿಂದ ಪಟ್ಟಣಗಳಿಗೆ, ಪಟ್ಟಣಗಳಿಂದ ಮನೆಗಳಿಗೆ ಅನಿಲವನ್ನು ಒಯ್ಯುವ ಕಿರುಕೊಳವೆಗಳಿಗಾಗಿ ನಮ್ಮ ರಸ್ತೆಗಳ ಬದಿಯನ್ನು ಅಗೆಯಲಾಗುತ್ತಿದೆ. ಇನ್ನೊಂದು ಕಾರಣವೂ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಬಳಿಕ ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ನಮ್ಮ ಮಕ್ಕಳಿಗೆ ಮೊದಲು ದೊರೆಯುವ ಕೆಲಸಗಳಲ್ಲಿ ಸೈಟ್ ಸೂಪರ್‌ವೈಸರ್ ಹುದ್ದೆಯೂ ಒಂದು. ಆ ಹುದ್ದೆಯಲ್ಲಿ ಸಹಿ ಹಾಕುವುದೆಂದರೆ ಏನೆಂದು ಮನೆಯವರಿಗೂ ತಿಳಿದಿರುವುದು ಒಳ್ಳೆಯದು.

ಕಾಮಗಾರಿಯ ಸ್ಥಳದಲ್ಲಿ ಕಾಣುವ ಜನರೆಲ್ಲರೂ ಒಂದೇ ಸಂಸ್ಥೆಯ ನೌಕರರೆಂದು ಊರವರು ಭಾವಿಸುವುದುಂಟು. ವಾಸ್ತವದಲ್ಲಿ ಅಲ್ಲಿ ಒಂದು ಏಣಿಯೇ ಇದೆ. ತುದಿಯಲ್ಲಿ ಕೊಳವೆಯ ಮಾಲೀಕ ಸಂಸ್ಥೆ. ಅದರ ಪರವಾಗಿ ನಕ್ಷೆ, ಗುಣಮಟ್ಟ, ವೇಳಾಪಟ್ಟಿಗಳನ್ನು ನೋಡಿಕೊಳ್ಳುವ ಸಲಹಾ ಸಂಸ್ಥೆ. ಪರೀಕ್ಷೆಗಳಿಗೆ ಸಾಕ್ಷಿಯಾಗುವ ಸ್ವತಂತ್ರ ತಪಾಸಣಾ ಸಂಸ್ಥೆ. ಆಮೇಲೆ ಮುಖ್ಯ ಗುತ್ತಿಗೆದಾರ. ಅವನು ಅಗೆತವನ್ನು ಒಬ್ಬರಿಗೆ, ಬೆಸುಗೆಯನ್ನು ಇನ್ನೊಬ್ಬರಿಗೆ, ನದಿಯ ಕೆಳಗೆ ಕೊರೆಯುವುದನ್ನು ಮತ್ತೊಬ್ಬರಿಗೆ ಉಪಗುತ್ತಿಗೆ ಕೊಡುತ್ತಾನೆ. ಕಟ್ಟಕಡೆಯಲ್ಲಿ ಮೇಸ್ತ್ರಿ ಕರೆತಂದ ಕೂಲಿಯಾಳುಗಳು. ಏಣಿಯ ಮೆಟ್ಟಿಲು ಹೆಚ್ಚಿದಷ್ಟೂ ಮೇಲಿನ ಮಾತು ಕೆಳಗೆ ಇಳಿಯುವಾಗ ಸವೆಯುತ್ತದೆ. ಕೆಳಗಿನ ದೂರು ಮೇಲೆ ಹತ್ತುವುದು ಇನ್ನೂ ಕಷ್ಟ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾಲೀಕ ಸಂಸ್ಥೆಯ ಎಂಜಿನಿಯರು ತನ್ನ ಸಂಸ್ಥೆಯ ಸಿಬ್ಬಂದಿಗೆ ನೇರವಾಗಿ ಕೆಲಸ ಹೇಳಬಹುದು. ಗುತ್ತಿಗೆದಾರನ ಆಳಿಗೆ ಹಾಗೆ ದಿನದಿನವೂ ಕೆಲಸ ಹಂಚುವಂತಿಲ್ಲ. ಹೇಳಬೇಕಾದುದನ್ನು ಗುತ್ತಿಗೆದಾರನ ಸೂಪರ್‌ವೈಸರನಿಗೆ, ಅದೂ ಬರವಣಿಗೆಯಲ್ಲಿ, ಹೇಳಬೇಕು. ಇಲ್ಲವಾದರೆ ನಾಳೆ ಏನಾದರೂ ಕೆಟ್ಟಾಗ ‘ನಿಮ್ಮವರೇ ಹೇಳಿದ್ದು’ ಎಂದು ಗುತ್ತಿಗೆದಾರ ಕೈತೊಳೆದುಕೊಳ್ಳುತ್ತಾನೆ. ಈ ನಿಯಮಕ್ಕೆ ಒಂದೇ ಅಪವಾದ: ಪ್ರಾಣಕ್ಕೆ ಅಪಾಯ ಕಂಡಾಗ. ಕಂದಕದ ಅಂಚು ಬಿರಿಯುತ್ತಿದ್ದರೆ ಯಾರ ಆಳು ಎಂದು ಕೇಳುತ್ತ ನಿಲ್ಲುವಂತಿಲ್ಲ, ಕೆಲಸ ನಿಲ್ಲಿಸಲೇಬೇಕು. ಆ ಅಧಿಕಾರವನ್ನು ಕಾಗದದಲ್ಲಿ ಎಲ್ಲ ಸಂಸ್ಥೆಗಳೂ ಕೊಡುತ್ತವೆ. ಒಂದು ದಿನದ ಕೆಲಸ ನಿಲ್ಲಿಸಿದ ಕಿರಿಯ ಸೂಪರ್‌ವೈಸರನ ಬೆನ್ನಿಗೆ ಮೇಲಿನವರು ನಿಲ್ಲುತ್ತಾರೆಯೇ ಎಂಬುದರಿಂದಲೇ ಆ ಸಂಸ್ಥೆಯ ಯೋಗ್ಯತೆಯನ್ನು ಅಳೆಯಬೇಕೆಂದು ನನ್ನ ಅಭಿಪ್ರಾಯ.

ಕಂದಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಕೊಳವೆ ಕಾಮಗಾರಿಯಲ್ಲಿ ಅನಿಲ ಹರಿಯುವುದಕ್ಕೆ ಎಷ್ಟೋ ಮೊದಲೇ ಜೀವ ತೆಗೆಯುವುದು ಮಣ್ಣು. ಒಂದು ಘನಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆಯಿಂದ ಎರಡು ಟನ್. ಎದೆಮಟ್ಟ ಮಣ್ಣು ಕುಸಿದರೂ ಮನುಷ್ಯ ಉಸಿರಾಡಲಾರ. ಆಳ ಒಂದೂವರೆ ಮೀಟರನ್ನು ಮೀರಿದರೆ ಬದಿಗಳನ್ನು ಓರೆಯಾಗಿ ಕಡಿಯಬೇಕು ಇಲ್ಲವೇ ಹಲಗೆಯ ಆನಿಕೆ ಕೊಡಬೇಕು. ಅಗೆದ ಮಣ್ಣನ್ನು ಅಂಚಿನಿಂದ ದೂರ ರಾಶಿ ಹಾಕಬೇಕು, ಜೆಸಿಬಿಯೂ ಅಂಚಿಗೆ ತಾಗಿ ನಿಲ್ಲಬಾರದು, ಹತ್ತಿ ಬರಲು ಏಣಿ ಇರಬೇಕು. ಆಟಿ ತಿಂಗಳ ಮಳೆಗೆ ಇದೆಲ್ಲವೂ ಒಂದೇ ರಾತ್ರಿಯಲ್ಲಿ ಬುಡಮೇಲಾಗುವುದರಿಂದ ಮಳೆ ಬಂದ ಮರುದಿನ ಯಾರೂ ಇಳಿಯುವ ಮೊದಲು ಮತ್ತೆ ಪರೀಕ್ಷೆ ನಡೆಯಬೇಕು. ನೀರು ತುಂಬಿದ ಕಂದಕ ಮಕ್ಕಳ ಕಣ್ಣಿಗೆ ತೋಡಿನಂತೆಯೇ ಕಾಣುತ್ತದೆ. ಶಾಲೆಯ ದಾರಿಯನ್ನು ಕಡಿದುಹಾಕಿದಲ್ಲಿ ಕೈಹಿಡಿಯಿರುವ ಕಾಲುಸಂಕ, ಬೇಲಿ, ರಾತ್ರಿಯ ದೀಪ ಇರಬೇಕಾದುದು ಗುತ್ತಿಗೆದಾರನ ಹೊಣೆ.

ನಮ್ಮ ಗುಡ್ಡೆಗಳಿಗೆ ವಿಶೇಷವಾದ ಇನ್ನೊಂದು ಸಂಗತಿ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಈ ನೀರಿನ ಸುರಂಗಗಳು ಕಾಸರಗೋಡು ಸೀಮೆಯ ಎಷ್ಟೋ ಮನೆ ತೋಟಗಳಿಗೆ ಇಂದಿಗೂ ಆಧಾರ. ದೂರದ ರಾಜ್ಯದಿಂದ ಬಂದ ಎಂಜಿನಿಯರನಿಗೆ ಸುರಂಗವೆಂಬುದು ಇದೆಯೆಂಬ ಕಲ್ಪನೆಯೇ ಇರಲಾರದು, ಅವನ ನಕ್ಷೆಯಲ್ಲಿ ಬಾವಿ ಮಾತ್ರ ಇರುತ್ತದೆ. ಅಗೆಯುವ ಮೊದಲು ಮನೆಯ ಯಜಮಾನರನ್ನು ಕರೆದು, ‘ಇಲ್ಲಿ ಕೆಳಗೆ ಏನಿದೆ?’ ಎಂದು ಕೇಳುವ ಸೂಪರ್‌ವೈಸರನ ಬೆಲೆ ಅಲ್ಲಿ ತಿಳಿಯುತ್ತದೆ. ಅವನು ಕೇಳದಿದ್ದರೆ ಮನೆಯವರೇ ಹೇಳಬೇಕು, ಹೇಳಿದ್ದನ್ನು ಬರೆದುಕೊಡಬೇಕು.

ಇನ್ನು ಕೊಳವೆಯ ಕೆಲಸ. ಉಕ್ಕಿನ ಕೊಳವೆಯ ತುಂಡೊಂದರ ಉದ್ದ ಸುಮಾರು 12 ಮೀಟರ್. 450 ಕಿಲೋಮೀಟರಿಗೆ ಲೆಕ್ಕ ಹಾಕಿದರೆ 37,000ಕ್ಕೂ ಹೆಚ್ಚು ಬೆಸುಗೆಗಳಾಗುತ್ತವೆ. ಪ್ರತಿಯೊಂದು ಬೆಸುಗೆಗೂ ಒಂದು ಸಂಖ್ಯೆ, ಬೆಸೆದವನ ಗುರುತು, ಪರೀಕ್ಷೆಯ ವರದಿ ಇರಬೇಕು. ಬೆಸುಗೆಗಾರನು ಕೆಲಸಕ್ಕೆ ಮೊದಲು ಮಾದರಿಯ ತುಂಡನ್ನು ಬೆಸೆದು ಉತ್ತೀರ್ಣನಾಗಿರಬೇಕು. ಬೆಸುಗೆಯ ಒಳಗನ್ನು ಗಾಮಾ ಅಥವಾ ಎಕ್ಸ್‌ರೇ ಕಿರಣಗಳಿಂದ, ಇಲ್ಲವೇ ಶಬ್ದಾತೀತ ತರಂಗಗಳಿಂದ ನೋಡುತ್ತಾರೆ. ವಿಕಿರಣದ ಮೂಲವನ್ನು ಬಳಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಿಗೆ ಬೇಕು, ತರಬೇತಾದವರೇ ಆಗಬೇಕು. ಜನಸಂಚಾರ ಕಡಿಮೆಯಿರುವ ರಾತ್ರಿ ಹೊತ್ತು ಈ ಕೆಲಸ ನಡೆಯುವುದು ರೂಢಿ. ಹಳದಿ ಹಿನ್ನೆಲೆಯ ಮೂರೆಸಳಿನ ಚಿಹ್ನೆಯುಳ್ಳ ಫಲಕ, ಹಗ್ಗ ಕಂಡರೆ ಅದರಾಚೆ ಯಾರೂ ಹೋಗಕೂಡದೆಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ಒಳ್ಳೆಯದಾಗಿ ಬಂದ ಒಂದೇ ಬೆಸುಗೆಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಬೇರೆ ಬೆಸುಗೆಗಳ ಹೆಸರಿನಲ್ಲಿ ಸಲ್ಲಿಸುವುದು ಈ ಕಸುಬಿಗೆ ಹಳೆಯ ಪರಿಚಯವಿರುವ ಮೋಸ. ಕಚೇರಿಯಲ್ಲಿ ಕುಳಿತು ಕಡತ ನೋಡುವವನಿಗೆ ಅದು ತಿಳಿಯುವುದಿಲ್ಲ. ಸ್ಥಳದಲ್ಲಿ ನಿಂತು ಸಂಖ್ಯೆಯನ್ನು ಕಣ್ಣಾರೆ ನೋಡಿದವನಿಗೆ ಮಾತ್ರ ತಿಳಿಯುತ್ತದೆ.

ಬೆಸುಗೆಯ ಬಳಿಕ ಹೊರಲೇಪನ. ಕೊಳವೆಯನ್ನು ತುಕ್ಕಿನಿಂದ ಕಾಯುವುದು ಈ ಪ್ಲಾಸ್ಟಿಕ್ ಹೊದಿಕೆ. ಕಂದಕಕ್ಕೆ ಇಳಿಸುವ ಮುನ್ನ ವಿದ್ಯುತ್ ಸಾಧನವೊಂದನ್ನು ಅದರ ಮೇಲೆ ಆಡಿಸುತ್ತಾರೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಅಲ್ಲಿ ಕಿಡಿ ಹಾರುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದ ಕೊಳವೆಯನ್ನು ಮುರಕಲ್ಲಿನ ಚೂಪಾದ ಚೂರುಗಳ ಮೇಲೆ ಇಳಿಸಿ, ಅದೇ ಚೂರುಗಳನ್ನು ಮೇಲಕ್ಕೆ ತಳ್ಳಿದರೆ ಪರೀಕ್ಷೆಯೆಲ್ಲ ವ್ಯರ್ಥ. ಕೆಳಗೂ ಸುತ್ತಲೂ ಮೆತ್ತನೆಯ ಮಣ್ಣು ಅಥವಾ ಮರಳನ್ನು ಹಾಸಬೇಕು. ಕೊಳವೆಯ ನೆತ್ತಿಯಿಂದ ನೆಲದ ಮಟ್ಟಕ್ಕೆ ಸಾಮಾನ್ಯ ಭೂಮಿಯಲ್ಲಿ ಕನಿಷ್ಠ 1 ಮೀಟರ್ ಮಣ್ಣಿರಬೇಕು. ರಸ್ತೆ, ರೈಲುಹಳಿ, ನದಿಗಳ ಕೆಳಗೆ ಇನ್ನೂ ಹೆಚ್ಚು. ಬಂಡೆ ಸಿಕ್ಕಿದಲ್ಲಿ ಆಳವನ್ನು ಕಡಿಮೆ ಮಾಡುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಬಂಡೆ ಒಡೆಯಲು ಎರಡು ದಿನ ಬೇಕು, ಮುಚ್ಚಲು ಅರ್ಧ ಗಂಟೆ ಸಾಕು.

ಇದರ ಹಿಂದಿರುವುದು ಹಣದ ಲೆಕ್ಕ. ಗುತ್ತಿಗೆದಾರನಿಗೆ ಬಿಲ್ ಆಗುವುದು ಮುಗಿಸಿದ ಉದ್ದಕ್ಕೆ. ಉಪಗುತ್ತಿಗೆದಾರನಿಗೂ ಹಾಗೆಯೇ. ಮಳೆಗಾಲಕ್ಕೆ ಮೊದಲು ಇಷ್ಟು ಕಿಲೋಮೀಟರ್ ಆಗಲೇಬೇಕೆಂಬ ಒತ್ತಡ ಮೇಲಿನಿಂದ ಬಂದಾಗ, ನಿಧಾನಿಸುವವನೇ ತಪ್ಪಿತಸ್ಥನಂತೆ ಕಾಣತೊಡಗುತ್ತಾನೆ. ಅದಕ್ಕಾಗಿಯೇ ಕೆಲವು ಹಂತಗಳಲ್ಲಿ ಕೆಲಸ ನಿಲ್ಲಲೇಬೇಕೆಂಬ ಕಟ್ಟಳೆಯಿದೆ. ಸೈಟಿನವರು ಅದನ್ನು ‘ಹೋಲ್ಡ್ ಪಾಯಿಂಟ್’ ಎನ್ನುತ್ತಾರೆ. ತಪಾಸಣೆ ಮಾಡುವವನು ಬಂದು, ನೋಡಿ, ಸಹಿ ಹಾಕುವವರೆಗೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಯಾರ ಕೆಲಸಕ್ಕೆ ಸಹಿ ಹಾಕಬೇಕೋ ಅವರಿಂದಲೇ ಸಂಬಳ ಪಡೆಯುವವನು ಆ ಸಹಿ ಹಾಕುವಂತಿರಬಾರದು. ಗುತ್ತಿಗೆದಾರನ ವಾಹನದಲ್ಲಿ ಓಡಾಡಿ, ಅವನ ಖರ್ಚಿನ ಕೊಠಡಿಯಲ್ಲಿ ತಂಗುವ ತಪಾಸಕನಿಗೆ ‘ಇಲ್ಲ’ ಎನ್ನುವುದು ದಿನೇ ದಿನೇ ಕಷ್ಟವಾಗುತ್ತದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣು ಮುಚ್ಚಿದ ಮೇಲೆ ಉಳಿಯುವುದು ಒಂದು ಪರೀಕ್ಷೆ: ಕೊಳವೆಗೆ ನೀರು ತುಂಬಿ, ಮುಂದೆ ಅನಿಲ ಹರಿಯುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಕನಿಷ್ಠ 24 ಗಂಟೆ ಇಟ್ಟು ನೋಡುವುದು. ಅಂದು ಸೋರುವ ಬೆಸುಗೆ ಅದರಲ್ಲಿ ಸಿಕ್ಕಿಬೀಳುತ್ತದೆ. ಹತ್ತು ವರ್ಷಗಳ ಬಳಿಕ ತುಕ್ಕು ಹಿಡಿಯಲಿರುವ ಗೀರು ಸಿಗುವುದಿಲ್ಲ.

ತುಕ್ಕು ಏನು ಮಾಡಬಲ್ಲದೆಂಬುದನ್ನು ಆಂಧ್ರಪ್ರದೇಶದ ನಗರಂ ಗ್ರಾಮ ಕಂಡಿದೆ. 2014ರ ಜೂನ್ 27ರ ಮುಂಜಾನೆ ಪೂರ್ವ ಗೋದಾವರಿ ಜಿಲ್ಲೆಯ ಆ ಊರಿನಲ್ಲಿ ಗೇಲ್ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನರು ಬೆಂಕಿಗೆ ಆಹುತಿಯಾದರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನಂಶವುಳ್ಳ ಅನಿಲವನ್ನು ಹರಿಸಿದುದರಿಂದ ಒಳಗಿನಿಂದ ತುಕ್ಕು ಹಿಡಿದಿತ್ತೆಂದು ತನಿಖೆ ತಿಳಿಸಿತು. ಅದು ಕಂದಕ ತೋಡಿದವರ ತಪ್ಪಲ್ಲ, ಕೊಳವೆಯನ್ನು ನಡೆಸಿದ ರೀತಿಯ ತಪ್ಪು. ಈ ವ್ಯತ್ಯಾಸವನ್ನು ಮರೆಯಬಾರದು. ಆದರೂ ಕೇರಳದಲ್ಲಿ ಕೊಳವೆಯ ವಿರುದ್ಧ ಎದ್ದ ಆತಂಕಕ್ಕೆ ನಗರಂ ಹೆಸರು ಸೇರಿಕೊಂಡುದು ಸಹಜವೇ. ತನ್ನ ನೆಲದ ಕೆಳಗೆ ಇರುವುದನ್ನು ಯಾರು ನೋಡಿಕೊಳ್ಳುತ್ತಾರೆಂದು ತಿಳಿಯದವನಿಗೆ ಭಯ ಹೆಚ್ಚು.

ಕೂಲಿಯ ಮಾತು ಬಾಕಿಯಿದೆ. ಬೆಸುಗೆಯವರು, ಅಗೆಯುವವರು ಬಹುಮಂದಿ ಬಂಗಾಳ, ಒಡಿಶಾ, ಬಿಹಾರ, ಜಾರ್ಖಂಡಗಳಿಂದ ಬಂದವರು. ಉಪಗುತ್ತಿಗೆದಾರ ಮಜೂರಿ ಕೊಡದೆ ಮಾಯವಾದರೆ ಅವರು ಯಾರನ್ನು ಕೇಳಬೇಕು? ಕೊಚ್ಚಿ–ಮಂಗಳೂರು ಕಾಮಗಾರಿಯ ಕಾಲದಲ್ಲಿ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ 21ನೆಯ ಕಲಮು ಇದಕ್ಕೆ ಉತ್ತರಿಸಿತ್ತು: ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕ ಸಂಸ್ಥೆಯೇ ಕೊಟ್ಟು, ಬಳಿಕ ಅವನಿಂದ ವಸೂಲು ಮಾಡಿಕೊಳ್ಳಬೇಕು. ಮಜೂರಿ ಬಟವಾಡೆಯ ಹೊತ್ತಿಗೆ ಮಾಲೀಕ ಸಂಸ್ಥೆಯ ಪ್ರತಿನಿಧಿ ಹಾಜರಿರಬೇಕೆಂದೂ ಅದರಲ್ಲಿತ್ತು. ಹಾಜರಿ ಪುಸ್ತಕವನ್ನು ದಿನವೂ ನೋಡುವುದು ಮೇಲ್ವಿಚಾರಕನ ಕೆಲಸಗಳಲ್ಲಿ ಸೇರಿರುವುದು ಈ ಕಾರಣದಿಂದ.

ಬೆಳಗ್ಗೆ ಕೆಲಸ ತೊಡಗುವ ಮುನ್ನ ಆಳುಗಳನ್ನು ನಿಲ್ಲಿಸಿ ಅಂದಿನ ಅಪಾಯಗಳನ್ನು ಹೇಳುವ ಪದ್ಧತಿ ಎಲ್ಲ ದೊಡ್ಡ ಕಾಮಗಾರಿಗಳಲ್ಲಿದೆ. ಎಂಜಿನಿಯರು ಇಂಗ್ಲಿಷು ಬೆರೆತ ಹಿಂದಿಯಲ್ಲಿ ಹೇಳುತ್ತಾನೆ. ಬಂಗಾಳದವನು ಅರ್ಧ ತಿಳಿದು ತಲೆಯಾಡಿಸುತ್ತಾನೆ. ಊರಿನ ಜೆಸಿಬಿ ಚಾಲಕನ ಮಾತು ತುಳು. ಸಹಿ ಮಾತ್ರ ಎಲ್ಲರದೂ ಪುಸ್ತಕದಲ್ಲಿರುತ್ತದೆ. ಸಪ್ತಭಾಷೆಗಳ ನಮ್ಮ ನಾಡಿನಲ್ಲಿ ಬೆಳೆದ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಕನ್ನಡ, ತುಳು, ಮಲಯಾಳಗಳನ್ನು ಆಡಬಲ್ಲ, ಹಿಂದಿಯನ್ನು ತಕ್ಕಮಟ್ಟಿಗೆ ತಿಳಿದ ಸೂಪರ್‌ವೈಸರನೊಬ್ಬನು ಹೇಳಿದ್ದನ್ನು ಮರಳಿ ಹೇಳಿಸಿ ನೋಡಬಲ್ಲನು. ಕನ್ನಡ ಶಾಲೆಯಲ್ಲಿ ಓದಿದುದು ಅಡ್ಡಿಯೆಂದು ಕೊರಗುವ ಹೆತ್ತವರು ಇದನ್ನೂ ಗಮನಿಸಬೇಕು.

ಜಮೀನಿನವರ ಪಾಲಿಗೆ ಆಧಾರವಾದುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯಿದೆ. ಇದರಂತೆ ಭೂಮಿಯ ಒಡೆತನ ಹೋಗುವುದಿಲ್ಲ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ ತೆಂಗಿನ ತೋಟದವರಿಗೆ ಇದು ಸಣ್ಣ ಮಾತಲ್ಲ. ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಲ್ಲಿಗೆ ಹೋಗಬಹುದು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಹಿಂದಿರುಗಿಸುವಂತಿಲ್ಲ. ಹೊಸೂರು ಸೀಮೆಯ ಓದುಗರಿಗೆ ಈ ಕಾಯಿದೆ ಹೊಸತಲ್ಲ. ಕೊಚ್ಚಿಯಿಂದ ಬೆಂಗಳೂರಿನತ್ತ ಹೊರಟ ಕವಲು ಕೃಷ್ಣಗಿರಿ ಸೇರಿದಂತೆ ತಮಿಳುನಾಡಿನ ಜಿಲ್ಲೆಗಳಲ್ಲಿ ರೈತರ ವಿರೋಧಕ್ಕೆ ಸಿಕ್ಕಿ, ಪ್ರಕರಣವು 2016ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು.

ಕಾಮಗಾರಿ ತಮ್ಮ ಜಾಗಕ್ಕೆ ಬರುವ ಮೊದಲೇ ಮರಗಳ ಸಂಖ್ಯೆ, ಗದ್ದೆಯ ಬದು, ನೀರಿನ ಕಣಿ, ಸುರಂಗ ಇವೆಲ್ಲವನ್ನೂ ದಿನಾಂಕ ಸಹಿತ ಚಿತ್ರ ತೆಗೆದಿಟ್ಟುಕೊಂಡು, ಮಹಜರಿನ ಪ್ರತಿಯನ್ನು ಕೇಳಿ ಪಡೆಯಬೇಕು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಕೊನೆಗೆ ಮೇಲೆಯೇ ಹರಡುತ್ತಾರೆಯೇ ಎಂಬುದನ್ನು ನೋಡಲು ಎಂಜಿನಿಯರಿಂಗ್ ಪದವಿ ಬೇಡ. ಕೊಳವೆ ಹೂತ ಜಾಗದ ಬಳಿ ಮುಂದೆ ಯಾವಾಗಲಾದರೂ ಜೆಸಿಬಿ ತರಿಸುವುದಿದ್ದರೆ, ಗುರುತುಕಂಬದ ಮೇಲೆ ಬರೆದ ದೂರವಾಣಿ ಸಂಖ್ಯೆಗೆ ಮೊದಲು ತಿಳಿಸಬೇಕು. ಅಗೆತವನ್ನು ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಅನ್ನೂ ಹೊರತಂದಿದೆ. ಗುರುತುಕಂಬದ ಬರಹ ನಮ್ಮ ಮನೆಯ ಅಜ್ಜ ಅಜ್ಜಿಯಂದಿರಿಗೆ ಓದಲು ಬಾರದ ಭಾಷೆಗಳಲ್ಲಿ ಮಾತ್ರ ಇದ್ದರೆ, ಕನ್ನಡದಲ್ಲಿಯೂ ಬರೆಸಬೇಕೆಂದು ಪಂಚಾಯತಿಗೂ ಕಂಪೆನಿಗೂ ಒಂದು ಅರ್ಜಿ ಕೊಡಬಹುದು. ಅರ್ಜಿಯ ಕರಡನ್ನು ಬರೆಯಲು ಎಂಟನೆಯ ತರಗತಿಯ ಮಗುವಿನ ಕನ್ನಡ ಸಾಕು.