ಎಂ.ಡಿ. ಓದಲು ಜಿಲ್ಲಾಸ್ಪತ್ರೆಗೆ ಬಂದರು. ಪಾಠ ಹೇಳೋರು ಯಾರು?

"ಈ ಹುಡುಗ ಡಾಕ್ಟ್ರು ಯಾರು? ಹೋದ ಸಲ ಬೇರೆಯವರಿದ್ರಲ್ಲ?" ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಹಿಡಿದು ಕ್ಯೂ ನಿಂತವರಿಗೆ ಈ ಅನುಮಾನ ಸಹಜ. ಹೌಸ್ ಸರ್ಜನ್ ಇರಬೇಕು ಅಂತ ಕೆಲವರ ಅಂದಾಜು.

ಎಲ್ಲರೂ ಅಲ್ಲ ಸ್ವಾಮಿ! ಇವರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಎಂ.ಡಿ. ಇಲ್ಲವೇ ಎಂ.ಎಸ್. ಓದುತ್ತಿರುವ ಡಾಕ್ಟರುಗಳೂ ಇದ್ದಾರೆ. ನಾಲ್ಕೂವರೆ ವರ್ಷ ಓದು, 1 ವರ್ಷ ಹೌಸ್ ಸರ್ಜನ್‌ಗಿರಿ, ಆಮೇಲೆ 3 ವರ್ಷ ಸ್ನಾತಕೋತ್ತರ. ಒಟ್ಟು ಎಂಟೂವರೆ ವರ್ಷದ ತಪಸ್ಸು. ಕೊನೆಯ ಆ 3 ವರ್ಷದಲ್ಲಿ 3 ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ದುಡಿಯಲೇಬೇಕು ಅಂತ 2020ರ ಸೆಪ್ಟೆಂಬರಿನಲ್ಲಿ ನಿಯಮ ಬಂತು. ದುಡಿಯದಿದ್ದರೆ ಫೈನಲ್ ಪರೀಕ್ಷೆಗೆ ಕೂರುವ ಹಾಗಿಲ್ಲ.

ಬಂದ ದಾರಿ

ದೊಡ್ಡ ಡಾಕ್ಟರ ಓದು ಜಿಲ್ಲೆಯ ತನಕ ಬರಲು ಬಹಳ ಕಾಲ ಹಿಡಿಯಿತು. ಮೈಸೂರು ಸಂಸ್ಥಾನದ ಮೊದಲ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ. ಆಗೆಲ್ಲ ಒಂದೊಂದು ಸೀಮೆಯ ಕಾಲೇಜಿಗೆ ಒಂದೊಂದು ವಿಶ್ವವಿದ್ಯಾಲಯ ಯಜಮಾನ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ರಾಜ್ಯದ ಬಹುಪಾಲು ಮೆಡಿಕಲ್ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರಿನಂಥ ಊರುಗಳಿಗೆ 2006-07ರ ಹೊತ್ತಿಗೆ ಸರ್ಕಾರಿ ಕಾಲೇಜು ಬಂತು.

ಎಂ.ಡಿ. ಸೀಟು ಅಂದರೆ ಅಂಗಡಿ ಲೈಸೆನ್ಸಿನಂತೆ ಅರ್ಜಿ ಹಾಕಿ ತರುವ ವಸ್ತುವಲ್ಲ. ಹಾಸಿಗೆ ಎಷ್ಟು, ರೋಗಿಗಳು ಎಷ್ಟು, ಲ್ಯಾಬು ಹೇಗಿದೆ, ಪಾಠ ಹೇಳೋ ಪ್ರೊಫೆಸರು ಎಷ್ಟು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಲೆಕ್ಕ ಕೇಳುತ್ತದೆ. ಒಬ್ಬ ಗುರುವಿಗೆ ಇಷ್ಟೇ ಶಿಷ್ಯರು ಎಂಬ ಕಟ್ಟುಪಾಡೂ ಉಂಟು. ಗುರು ಇಲ್ಲದಿದ್ದರೆ ಸೀಟೇ ಇಲ್ಲ.

ಲಾಭ ಇಬ್ಬರಿಗೂ

ಜಿಲ್ಲೆಗೆ ಕಳಿಸುವ ಏರ್ಪಾಡು ಒಳ್ಳೆಯದೇ. ದೊಡ್ಡ ಊರಿನ ಆಸ್ಪತ್ರೆಗೆ ಬೇರೆಯವರು ನೋಡಿ ಕಳಿಸಿದ ಕೇಸೇ ಹೆಚ್ಚು. ಇಲ್ಲಿ ಹಾಗಲ್ಲ. ಹಾವು ಕಚ್ಚಿದವರು, ಹೊಲದ ಔಷಧಿ ಕುಡಿದವರು, ನಡುರಾತ್ರಿ ಹೆರಿಗೆ ನೋವು ಬಂದವರು ನೇರ ಬಾಗಿಲಿಗೇ ಬರ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರ್ತಾಳಾ? ಹೊರರೋಗಿ, ವಾರ್ಡು, ತುರ್ತು ವಿಭಾಗ, ರಾತ್ರಿ ಪಾಳಿ, ಎಲ್ಲ ಕಡೆಯೂ ದುಡಿತ. ರೋಗಿಗೆ ಒಂದು ಜೊತೆ ಕೈ ಹೆಚ್ಚಿಗೆ ಸಿಕ್ಕಿತು. ಓದುವವರಿಗೆ ಪುಸ್ತಕದಲ್ಲಿಲ್ಲದ ಪಾಠ ಸಿಕ್ಕಿತು.

ತೊಡಕು ಇರೋದು ಮುಂದೆ. ಬಂದವರು ಜಿಲ್ಲೆಯ ತಜ್ಞರ ಕೈಕೆಳಗೆ ಕಲಿಯಬೇಕು ಅಂತಲೇ ನಿಯಮ ಹೇಳುತ್ತದೆ. ಅರಿವಳಿಕೆ ತಜ್ಞರ ಹುದ್ದೆಯೋ ಮಕ್ಕಳ ತಜ್ಞರ ಹುದ್ದೆಯೋ ಖಾಲಿ ಬಿದ್ದಿದ್ದರೆ ಕೈ ಹಿಡಿದು ಕಲಿಸೋರು ಯಾರು? ಕಲಿಯಲು ಬಂದವರನ್ನೇ ಆ ಕುರ್ಚಿಯಲ್ಲಿ ಕೂರಿಸಿ "ತಜ್ಞರು ಇದ್ದಾರೆ" ಅಂತ ಲೆಕ್ಕ ತೋರಿಸಿದರೆ ಓದೂ ಕೆಟ್ಟಿತು, ರೋಗಿಯೂ ಕೆಟ್ಟ. ಬಾಡಿಗೆ ಎತ್ತು ತಂದು ಒಂದು ಸಾಲು ಉಳಬಹುದು, ವರ್ಷದ ಬೇಸಾಯ ನಡೆಸೋಕಾಗುತ್ತಾ?

ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ 3 ತಿಂಗಳಿಗೊಬ್ಬ ಹೊಸ ಡಾಕ್ಟರ ಮುಂದೆ ಮೊದಲಿಂದ ಕಥೆ ಹೇಳೋ ಕರ್ಮ ಬೇರೆ. ಹಾಗಾಗಿ ಹಳೇ ಚೀಟಿ, ರಿಪೋರ್ಟು ಬಿಸಾಡದೆ ಜೊತೆಗೆ ಒಯ್ಯುವುದು ಜಾಣತನ.

ಮೂರು ತಿಂಗಳ ಡಾಕ್ಟರು ಬರಲಿ, ಅವರಿಗೆ ಉಳಿಯಲು ನೆಟ್ಟಗಿನ ಕೋಣೆಯೂ ಸಿಗಲಿ. ಅದಕ್ಕೂ ಮುಂಚೆ ನಿವೃತ್ತಿಯ ತನಕ ಇಲ್ಲೇ ಇರುವ ತಜ್ಞರ ಕುರ್ಚಿ ಭರ್ತಿಯಾಗಲಿ. ಜನ ಜಿಲ್ಲಾಡಳಿತವನ್ನೂ ಶಾಸಕರನ್ನೂ ಕೇಳಬೇಕಾದ ಪ್ರಶ್ನೆ ಇದೇ.