ಐದು ಪೈಸೆ ವ್ಯತ್ಯಾಸಕ್ಕೆ ಇಷ್ಟೊಂದು ಜಗಳವೇ?

ಹಳ್ಳಿಮೈಸೂರು: "ಟಾಟಾ ನೆಕ್ಸಾನ್ ಗಟ್ಟಿಯೋ, ಮಹೀಂದ್ರದ ತ್ರೀ ಎಕ್ಸ್‌ಓ ಗಟ್ಟಿಯೋ?"

ಹೊಸ ಕಾರು ಕೊಳ್ಳಲು ಹೊರಟವರ ಮನೆಯಲ್ಲಿ ಈಗ ಇದೇ ಮಾತು. ಹಿಂದೆಲ್ಲಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಲೀಟರಿಗೆ ಎಷ್ಟು ಕೊಡುತ್ತೆ ಸ್ವಾಮಿ?" ಈಗ ಪ್ರಾಣದ ಬಗ್ಗೆಯೂ ವಿಚಾರಿಸುತ್ತಾರೆ. ಒಳ್ಳೆಯದೇ. ಆದರೆ ಬಾಗಿಲು ಬಡಿದು ಸದ್ದು ಕೇಳಿ, "ತಗಡು ದಪ್ಪ ಇದೆ ಕಣಯ್ಯಾ, ತಗೋ" ಎಂದು ತೀರ್ಪು ಕೊಡುವ ಪಂಡಿತರಿಗೂ ಬರವಿಲ್ಲ. ಬಾಗಿಲಿನ ಸದ್ದಿನಲ್ಲಿ ಈ ಲೆಕ್ಕ ಸಿಗುವುದಿಲ್ಲ.

ಲೆಕ್ಕ ಸಿಗುವುದು 'ಭಾರತ್ ಎನ್‌ಕ್ಯಾಪ್' ಪರೀಕ್ಷೆಯಲ್ಲಿ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಯೋಜನೆ ಇದು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಕ್ಕವನ್ನು ತಡೆಗೆ ಗುದ್ದಿಸುತ್ತಾರೆ. ಪಕ್ಕದಿಂದ ಬೀಳುವ ಪೆಟ್ಟನ್ನೂ ನೋಡುತ್ತಾರೆ. ಒಳಗೆ ಕೂರಿಸಿದ ಗೊಂಬೆಗಳ ತಲೆ, ಎದೆ, ಕಾಲಿಗೆ ಎಷ್ಟು ಏಟು ಬಿತ್ತೆಂದು ಅಳೆದು ಅಂಕ ಕೊಡುತ್ತಾರೆ.

ಎರಡೂ ಗಾಡಿಗಳ ಫಲಿತಾಂಶ ಬಂದದ್ದು 2024ರಲ್ಲಿ. ದೊಡ್ಡವರ ರಕ್ಷಣೆಯಲ್ಲಿ ನೆಕ್ಸಾನ್‌ಗೆ 32ಕ್ಕೆ 29.41, ತ್ರೀ ಎಕ್ಸ್‌ಓಗೆ 29.36. ಮಕ್ಕಳ ರಕ್ಷಣೆಯಲ್ಲಿ ನೆಕ್ಸಾನ್‌ಗೆ 49ಕ್ಕೆ 43.83, ತ್ರೀ ಎಕ್ಸ್‌ಓಗೆ 43. ಎರಡಕ್ಕೂ ಐದೈದು ನಕ್ಷತ್ರ.

ಅಂಕವನ್ನು ರೂಪಾಯಿ ಎಂದುಕೊಂಡರೆ ದೊಡ್ಡವರ ಲೆಕ್ಕದಲ್ಲಿ ವ್ಯತ್ಯಾಸ ಬರೀ ಐದು ಪೈಸೆ. ಮಕ್ಕಳ ಲೆಕ್ಕದಲ್ಲಿ ಒಂದು ರೂಪಾಯಿಯೂ ಇಲ್ಲ. ಇದಕ್ಕಾಗಿ ಅಣ್ಣತಮ್ಮಂದಿರು ಮುಖ ಊದಿಸಿಕೊಳ್ಳಬೇಕಾಗಿಲ್ಲ. ಯಾವುದು ಹಿಡಿಸಿತೋ ಅದನ್ನೇ ತರಬಹುದು.

ಗೊಂಬೆಗಿರುವ ಬುದ್ಧಿ

ಜನ ಮರೆಯುವುದು ಬೇರೊಂದನ್ನು. ಅಂಕ ತಂದುಕೊಟ್ಟ ಆ ಗೊಂಬೆಗಳೆಲ್ಲ ಬೆಲ್ಟು ಹಾಕಿಕೊಂಡಿದ್ದವು. ಮಕ್ಕಳ ಗೊಂಬೆಗಳು ಮಕ್ಕಳ ಸೀಟಿನಲ್ಲೇ ಕೂತಿದ್ದವು. ನಮ್ಮ ಮದುವೆ ದಿಬ್ಬಣದ ಕಾರಿನಲ್ಲಿ? ಐದು ಜನರ ಗಾಡಿಗೆ ಎಂಟು ಜನ. ಹಿಂದಿನ ಬೆಲ್ಟು ಸೀಟಿನ ಸಂದಿಯಲ್ಲಿ. ಮುಂದೆ ಕೂತ ಅಜ್ಜಿಯ ತೊಡೆಯ ಮೇಲೆ ಮೊಮ್ಮಗು. ಏರ್‌ಬ್ಯಾಗ್ ಸಿಡಿದರೆ ಮೊದಲ ಏಟು ಆ ಕೂಸಿಗೇ.

"ಹಿಂದೆ ಕೂತವರಿಗೆ ಬೆಲ್ಟು ಯಾಕ್ರೀ?" ಎನ್ನುವವರು 2022ರ ಸೆಪ್ಟೆಂಬರ್ 4 ನೆನೆಯಲಿ. ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ. ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೂ ಬೆಲ್ಟು ಅಥವಾ ಮಕ್ಕಳ ಸೀಟು ಕಡ್ಡಾಯ.

ವೇಗದ ಮಾತೂ ಅಷ್ಟೇ. ಪರೀಕ್ಷೆ ನಡೆದದ್ದು 64ರಲ್ಲಿ. ಹೊಳೆನರಸೀಪುರದ ಕಡೆ 90ರಲ್ಲಿ ಬಿಟ್ಟರೆ ಗುದ್ದಿನ ಬಲ ಹತ್ತಿರ ಹತ್ತಿರ ಎರಡರಷ್ಟು. ರಾತ್ರಿ ಹೊತ್ತು ಕೆಂಪು ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ನುಗ್ಗಿದರೆ ಏನಾದೀತು ಎಂಬುದಕ್ಕೆ ಯಾವ ನಕ್ಷತ್ರವೂ ಉತ್ತರ ಹೇಳುವುದಿಲ್ಲ.

ಶೋರೂಮಿನಲ್ಲಿ ಸೀಟ್ ಕವರಿಗೂ ಮ್ಯಾಟಿಗೂ ಚೌಕಾಸಿ ಮಾಡುವ ಯಜಮಾನರು ಆ ಪಟ್ಟಿಗೆ ಮಕ್ಕಳ ಸೀಟನ್ನೂ ಸೇರಿಸಲಿ. ಬಾಗಿಲು ಬಡಿದು ನೋಡಿದ್ದಾದ ಮೇಲೆ ಹಿಂದಿನ ಬೆಲ್ಟನ್ನೂ ಒಮ್ಮೆ ಎಳೆದು ನೋಡಲಿ.