ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆ

ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿದ ಶಕುಂತಲಾದೇವಿಯವರ ಹೆಸರು ಕೇಳದ ಕನ್ನಡಿಗರು ವಿರಳ. 1980ನೆಯ ಇಸವಿ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿಯ ಗಣಕಯಂತ್ರ ವಿಭಾಗದವರು ಆರಿಸಿದ ಎರಡು ಸಂಖ್ಯೆಗಳನ್ನು ಅವರ ಮುಂದಿಟ್ಟು ಗುಣಿಸಲು ಹೇಳಿದರು:

7,686,369,774,870
2,465,099,745,779

ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ ಅವರು ಕೊಟ್ಟ ಉತ್ತರ:

18,947,668,177,995,426,462,773,730

ಇಷ್ಟು ದೊಡ್ಡ ಸಂಖ್ಯೆಯನ್ನು ನಮ್ಮಂಥವರು ಒರೆಹಚ್ಚಿ ನೋಡುವುದು ಸಾಧ್ಯವೇ? ಸಾಧ್ಯವಿದೆ; ಕೂಡುವುದು ಬಂದರೆ ಸಾಕು.

ಮೊದಲನೆಯದು ಒಂಬತ್ತರ ಪರೀಕ್ಷೆ. 10, 100, 1000 ಇವುಗಳಲ್ಲಿ ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುತ್ತದೆ. ಆದ್ದರಿಂದ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡುತ್ತ ಹೋಗಿ ಕಡೆಗೆ ಒಂದೇ ಅಂಕಿ ಉಳಿಸಿದರೆ ಅದೇ 9ರ ಶೇಷ. 9 ಉಳಿದರೆ ಶೇಷ ಸೊನ್ನೆ. ಮೇಲಿನ ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಅದು 15, ಮತ್ತೆ 6. ಎರಡನೆಯದು 74, ಅದು 11, ಮತ್ತೆ 2. ಆರೆರಡ್ಲ ಹನ್ನೆರಡು, ಎಂದರೆ 3. ಉತ್ತರದ ಮೊತ್ತ 138. ಅದು 12, ಮತ್ತೆ 3. ತಾಳೆಯಾಯಿತು.

ಆದರೆ ಅಂಕಿಗಳು ಸ್ಥಳ ಬದಲಿಸಿದರೆ ಮೊತ್ತ ಬದಲಾಗದು. ಆ ತಪ್ಪು ಹಿಡಿಯಲು ಹನ್ನೊಂದರ ಪರೀಕ್ಷೆ ಬೇಕು. ಬಲಗಡೆಯಿಂದ ಎಣಿಸಿ 1, 3, 5 ಮುಂತಾದ ಸ್ಥಾನದ ಅಂಕಿಗಳನ್ನು ಒಂದು ಕಡೆ, 2, 4, 6 ಮುಂತಾದವನ್ನು ಇನ್ನೊಂದು ಕಡೆ ಕೂಡಿರಿ. ಎರಡೂ ಸಮನಾದರೆ, ಇಲ್ಲವೇ ವ್ಯತ್ಯಾಸವು 11, 22 ಹೀಗೆ ಬಂದರೆ, ಆ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಲಂಡನ್ನಿನ ಎರಡನೆಯ ಸಂಖ್ಯೆಯಲ್ಲಿ ಎರಡು ಕಡೆಯೂ 37! ಹಾಗಿದ್ದರೆ ಗುಣಲಬ್ಧವೂ 11ರಿಂದ ಭಾಗವಾಗಲೇಬೇಕು. ಕೂಡಿ ನೋಡಿರಿ: ಅತ್ತ 69, ಇತ್ತ 69.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ದಿನಕ್ಕೆ 748 ರೂಪಾಯಿಯಂತೆ 26 ದಿನ ದುಡಿದವನಿಗೆ 19,448 ರೂಪಾಯಿ ಸಲ್ಲಬೇಕು. ಬರೆಯುವಾಗ 9 ಮತ್ತು 4 ಅದಲುಬದಲಾಗಿ ಸಂಬಳದ ಚೀಟಿಯಲ್ಲಿ 14,948 ಎಂದು ಬಿದ್ದರೆ 4,500 ರೂಪಾಯಿ ಖೋತಾ. ಎರಡರ ಅಂಕಿಗಳ ಮೊತ್ತವೂ 26. ಒಂಬತ್ತರ ಪರೀಕ್ಷೆ ಸುಮ್ಮನಿರುತ್ತದೆ. ಆದರೆ 748 ಹನ್ನೊಂದರಿಂದ ಭಾಗವಾಗುವ ಸಂಖ್ಯೆ. 14,948ರಲ್ಲಿ ಒಂದು ಕಡೆ 18, ಇನ್ನೊಂದು ಕಡೆ 8, ವ್ಯತ್ಯಾಸ 10. ತಪ್ಪು ಬಯಲಾಯಿತು.

ಗುಮಾಸ್ತ ಬಂಧುಗಳಿಗೆ ಇನ್ನೊಂದು ಮಾತು. ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಖಾತೆಯ ಎರಡು ಪಕ್ಕಗಳು ತಾಳೆಯಾಗದೆ 27 ಅಥವಾ 4,500 ಉಳಿದರೆ, ಮೊದಲು ಅಂಥ ಅಂಕಿಗಳನ್ನೇ ಹುಡುಕಿರಿ.

ಈ ಪರೀಕ್ಷೆಗಳಲ್ಲಿ ಸೋತ ಲೆಕ್ಕ ಖಂಡಿತ ತಪ್ಪು; ಗೆದ್ದ ಲೆಕ್ಕ ಸರಿಯಿರಬಹುದು, ಅಷ್ಟೆ. ಆದರೂ ಸಹಿ ಹಾಕುವ ಮುನ್ನ ಎರಡನ್ನೂ ಮಾಡಿ ನೋಡುವುದು ಲೇಸು. ಲೆಕ್ಕ ಬಾರದ ನೆರೆಯವರಿಗೂ ಇದನ್ನು ಹೇಳಿಕೊಡಿರಿ.